ಮಕಾವ್: ಹಳೆಯ ಬೀದಿಗಳು, ಹಳೆಯ ಹಳ್ಳಿಗಳು

ದಕ್ಷಿಣ ಚೀನಾದ ಪರ್ಲ್ ನದಿ ಕಡಲು ಸೇರುವ ಅಳಿವೆಯ ಪಶ್ಚಿಮ ದಂಡೆಯ ಮೇಲಿರುವ ಮಕಾವ್, ಪೋರ್ಚುಗೀಸರು 1557ರಲ್ಲಿ ನೆಲೆನಿಂತು, 1999ರ ಡಿಸೆಂಬರ್ 20ರಂದು ಚೀನಾಕ್ಕೆ ಮರಳಿಸಿದ ಬಂದರು ನಗರ. ಒಂದು ಪರ್ಯಾಯ ದ್ವೀಪ, ಅದರ ದಕ್ಷಿಣಕ್ಕೆ ತೈಪಾ ಮತ್ತು ಕೊಲೊವಾನ್ ಎಂಬ ಎರಡು ದ್ವೀಪಗಳು, ಆ ದ್ವೀಪಗಳ ನಡುವೆ ಕಡಲಿಗೆ ಮಣ್ಣು ತುಂಬಿ ಪಡೆದ ಹೊಸ ನೆಲ, ಇಷ್ಟೂ ಸೇರಿ ಸುಮಾರು 33 ಚದರ ಕಿಲೋಮೀಟರಿನ ಈ ಪ್ರದೇಶದಲ್ಲಿ 6.8 ಲಕ್ಷದಷ್ಟು ಜನ ವಾಸಿಸುತ್ತಾರೆ. ಹೊರಗಿನ ಜಗತ್ತಿಗೆ ಮಕಾವ್ ಎಂದರೆ ಕ್ಯಾಸಿನೊಗಳ ಊರು. ಆದರೆ ಈ ಊರು ಹೇಗೆ ಹುಟ್ಟಿತು, ಹೇಗೆ ಬಾಳಿತು ಎಂಬುದನ್ನು ತಿಳಿಯಬೇಕಾದವರು ಅದರ ಹಳೆಯ ಓಣಿಗಳನ್ನೂ ಕೇರಿಗಳನ್ನೂ ಹಳ್ಳಿಗಳನ್ನೂ ನೋಡಬೇಕು. ಬೇರೆ ಬೇರೆ ನಂಬಿಕೆ, ನುಡಿ, ಊಟಗಳ ಎರಡು ಜನಸಮುದಾಯಗಳು ಒಂದು ಸಣ್ಣ ನೆಲವನ್ನು ಹಂಚಿಕೊಂಡ ಬಗೆ ಅಲ್ಲಿ ಕಲ್ಲು, ಗಾರೆ, ಹೆಂಚುಗಳಲ್ಲಿ ಉಳಿದುಕೊಂಡಿದೆ.

ನೆಲಬಾಡಿಗೆ ಕೊಟ್ಟು ಕಟ್ಟಿದ ಊರು

1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಗೋವೆಯನ್ನೂ, ಮರುವರ್ಷ ಮಲಕ್ಕಾವನ್ನೂ ಪೋರ್ಚುಗೀಸರು ಯುದ್ಧ ಮಾಡಿ ಗೆದ್ದುಕೊಂಡರು. ಮಕಾವ್ ಅವರಿಗೆ ದಕ್ಕಿದ್ದು ಹಾಗಲ್ಲ. ಮಿಂಗ್ ಅರಸರ ಅಧಿಕಾರಿಗಳು ವ್ಯಾಪಾರದ ಅನುಕೂಲಕ್ಕಾಗಿ ಅವರನ್ನು ಇಲ್ಲಿ ಇರಗೊಟ್ಟರು, ಪ್ರತಿಯಾಗಿ ಪೋರ್ಚುಗೀಸರು ವರ್ಷಕ್ಕೆ 500 ತಾಯೆಲ್ ಬೆಳ್ಳಿಯನ್ನು ನೆಲಬಾಡಿಗೆಯಾಗಿ ಕೊಡುತ್ತಿದ್ದರು. ತಾಯೆಲ್ ಎಂಬುದು ಸುಮಾರು 37 ಗ್ರಾಂ ತೂಕದ ಚೀನೀ ಅಳತೆ. ಪರ್ಯಾಯ ದ್ವೀಪವನ್ನು ಚೀನಾದ ಮುಖ್ಯಭೂಮಿಗೆ ಜೋಡಿಸುವ ಕಿರಿದಾದ ಭೂಪಟ್ಟಿಗೆ ಅಡ್ಡಲಾಗಿ ಚೀನಾ ಒಂದು ಗಡಿಬಾಗಿಲನ್ನು ಕಟ್ಟಿಸಿತ್ತು. ಊರಿಗೆ ಬೇಕಾದ ಧಾನ್ಯವೆಲ್ಲ ಆ ಬಾಗಿಲಿನ ಮೂಲಕವೇ ಬರಬೇಕಾಗಿದ್ದುದರಿಂದ, ಚೀನೀ ಅಧಿಕಾರಿಗಳ ಮಾತು ಮೀರಿದರೆ ಊರು ಉಪವಾಸ ಬೀಳುವುದು ಖಚಿತವಾಗಿತ್ತು. ಹೊಂದಿಕೊಂಡು ಬಾಳುವುದು ಮಕಾವಿನ ಪೋರ್ಚುಗೀಸರಿಗೆ ಅನಿವಾರ್ಯವೇ ಆಗಿತ್ತು.

ಈ ಊರಿನ ಸಂಪತ್ತಿಗೆ ಗೋವಾ, ಮಲಕ್ಕಾ, ಮಕಾವ್, ಜಪಾನಿನ ನಾಗಸಾಕಿಗಳನ್ನು ಹೆಣೆದಿದ್ದ ಹಡಗು ಮಾರ್ಗ ಮೂಲವಾಗಿತ್ತು. ಚೀನಾದ ರೇಷ್ಮೆ ಜಪಾನಿಗೆ ಹೋಗಿ, ಜಪಾನಿನ ಬೆಳ್ಳಿ ಚೀನಾಕ್ಕೆ ಬರುತ್ತಿತ್ತು, ನಡುವಿನ ಲಾಭ ಮಕಾವಿನ ವರ್ತಕರದ್ದಾಗಿತ್ತು. ಆಡಳಿತದಲ್ಲಿಯೂ ಮಕಾವ್ 1844ರವರೆಗೆ ಗೋವೆಯ ಅಧೀನದಲ್ಲಿತ್ತು. ಗೋವೆಯ ವೈಸ್‌ರಾಯ್ ಆಳುತ್ತಿದ್ದ, ‘ಎಸ್ತಾದು ದ ಇಂದಿಯಾ’ ಎಂದು ಕರೆಯುತ್ತಿದ್ದ ಆ ವಿಸ್ತಾರವಾದ ಆಡಳಿತ ಜಾಲದೊಳಗೆ, ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಕೆಳದಿಯ ನಾಯಕರು ಹೊರದಬ್ಬುವವರೆಗೆ, ಕರ್ನಾಟಕ ಕರಾವಳಿಯ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳೂ ಸೇರಿದ್ದವು. ಈ ಬಂದರುಗಳಿಂದ ಹೋದ ಅಕ್ಕಿ ಗೋವೆಯ ಹೊಟ್ಟೆ ತುಂಬಿಸುತ್ತಿತ್ತು. 1639ರಲ್ಲಿ ಜಪಾನ್ ಪೋರ್ಚುಗೀಸರಿಗೆ ಬಾಗಿಲು ಮುಚ್ಚಿತು, 1641ರಲ್ಲಿ ಮಲಕ್ಕಾ ಡಚ್ಚರ ಪಾಲಾಯಿತು. ಮಕಾವಿನ ಬೊಕ್ಕಸ ಬರಿದಾದರೂ ಊರು ಅಳಿಯಲಿಲ್ಲ.

ಬೀದಿಯ ಬಗೆಗಳು

ಪೋರ್ಚುಗೀಸರು ಕಟ್ಟಿದ ಕಡಲತೀರದ ಊರುಗಳಿಗೆ ಸಾಮಾನ್ಯವಾಗಿ ‘ರುವಾ ದಿರೆಯ್ತಾ’ ಎಂಬ ಒಂದು ಮುಖ್ಯ ಬೀದಿ ಬೆನ್ನೆಲುಬಾಗಿರುತ್ತದೆ. ಮಕಾವಿನಲ್ಲಿಯೂ ಅಂಥದೊಂದು ಬೀದಿ ಚೀನೀಯರ ಹಳೆಯ ಬಂದರನ್ನು ಕ್ರೈಸ್ತರ ನಗರಕ್ಕೆ ಕೂಡಿಸುತ್ತ, ಗುಡ್ಡದ ಏರಿಳಿತಗಳನ್ನು ಅನುಸರಿಸುತ್ತ ಸಾಗಿ, ಇಗರ್ಜಿಗಳ ಮುಂದೆ ಚೌಕಗಳಾಗಿ ಹಿಗ್ಗುತ್ತಿತ್ತು. ಈ ಬೀದಿಯಿಂದ ಕವಲೊಡೆಯುವ ದಾರಿಗಳಿಗೆ ಅವುಗಳ ಆಕಾರಕ್ಕೆ ತಕ್ಕ ಹೆಸರುಗಳಿವೆ. ಸಾಧಾರಣ ಬೀದಿಗೆ ‘ರುವಾ’, ಎರಡು ಬೀದಿಗಳ ನಡುವಿನ ಅಡ್ಡ ಓಣಿಗೆ ‘ತ್ರವೆಸ್ಸಾ’, ಮುಂದೆ ದಾರಿಯಿಲ್ಲದ ಸಂದಿಗೆ ‘ಬೆಕೊ’, ಕಲ್ಲು ಹಾಸಿದ ಏರುದಾರಿಗೆ ‘ಕಾಲ್ಸಾದಾ’, ಬೀದಿ ಅಗಲವಾಗಿ ಚೌಕವಾದ ಜಾಗಕ್ಕೆ ‘ಲಾರ್ಗೊ’ ಎನ್ನುತ್ತಾರೆ. ‘ಪಾಟಿಯೊ’ ಎಂಬುದು ಒಂದೇ ಪ್ರವೇಶದ್ವಾರವಿದ್ದು, ಒಳಗೆ ಎಲ್ಲರಿಗೂ ಸೇರಿದ ಅಂಗಳದ ಸುತ್ತ ಹಲವು ಮನೆಗಳು ಒತ್ತೊತ್ತಾಗಿ ನಿಂತಿರುವ ವಠಾರ. ಚೀನೀ ಕುಟುಂಬಗಳು ತಲೆಮಾರುಗಳಿಂದ ಬಾಳಿದ ಇಂಥ ಪಾಟಿಯೊಗಳು ಹಳೆಯ ಮಕಾವಿನ ತುಂಬ ಇವೆ. ಬಿಳಿಯ ಹೆಂಚಿನ ಮೇಲೆ ನೀಲಿ ಬಣ್ಣದಲ್ಲಿ ಬರೆದ ಬೀದಿ ಫಲಕಗಳಲ್ಲಿ ಚೀನೀ ಮತ್ತು ಪೋರ್ಚುಗೀಸ್ ಹೆಸರುಗಳೆರಡೂ ಇಂದಿಗೂ ಇವೆ.

ಸಂತ ಪಾಲರ ಇಗರ್ಜಿಯ ಮುಂಗೋಡೆ ಮಕಾವಿನ ಅತಿ ಪ್ರಸಿದ್ಧ ಕುರುಹು. 1602ರಿಂದ 1640ರವರೆಗೆ ಕಟ್ಟಿದ ಈ ಇಗರ್ಜಿ 1835ರಲ್ಲಿ ಬೆಂಕಿಗೆ ಆಹುತಿಯಾದಾಗ ಕಲ್ಲಿನ ಮುಂಗೋಡೆಯೊಂದೇ ನಿಂತಿತು. ಅದನ್ನು ಕೆತ್ತಿದ ಸ್ಥಳೀಯ ಕುಶಲಕರ್ಮಿಗಳು ಮತ್ತು ಜಪಾನಿನಿಂದ ಓಡಿಬಂದ ಕ್ರೈಸ್ತರು, ಮೇರಿ ಮಾತೆಯ ಮಗ್ಗುಲಲ್ಲಿ ಚೀನೀ ಅಕ್ಷರಗಳನ್ನೂ, ಸಿಂಹಗಳನ್ನೂ, ಸೇವಂತಿಗೆಯನ್ನೂ ಮೂಡಿಸಿದ್ದಾರೆ. ಇದರ ಬೆನ್ನಿಗೇ 1888ರ ಒಂದು ಪುಟ್ಟ ಚೀನೀ ಗುಡಿ ಇದೆ. ನಾ ಚಾ ಎಂಬ ಬಾಲದೇವತೆಗೆ ಮೀಸಲಾದ ಆ ಗುಡಿಯ ಪಕ್ಕದಲ್ಲಿ ನಿಂತಿರುವ ಮೋಟು ಗೋಡೆಯೊಂದನ್ನು ಬಹಳಷ್ಟು ಪ್ರವಾಸಿಗರು ಗಮನಿಸದೆ ದಾಟಿ ಹೋಗುತ್ತಾರೆ.

1569ರಷ್ಟು ಹಿಂದಿನ ಊರುಗೋಟೆಯ ತುಂಡು ಅದು. ಹತ್ತಿರ ನಿಂತು ನೋಡಿದರೆ ಅದರಲ್ಲಿ ಕಟ್ಟಡದ ಕಲ್ಲಾಗಲಿ ಇಟ್ಟಿಗೆಯಾಗಲಿ ಕಾಣದು. ಜೇಡಿಮಣ್ಣು, ಮರಳು, ಭತ್ತದ ಹುಲ್ಲು, ಪುಡಿಗಲ್ಲು, ಸಿಂಪಿಯ ಚಿಪ್ಪುಗಳನ್ನು ಕಲಸಿ, ಒಂದರ ಮೇಲೊಂದು ಪದರವಾಗಿ ಗುದ್ದಿ ಗಟ್ಟಿಮಾಡಿದ ಗೋಡೆ ಅದು, ಪದರಗಳ ಅಡ್ಡಗೆರೆಗಳು ಈಗಲೂ ಎದ್ದು ಕಾಣುತ್ತವೆ. ಈ ಗಾರೆಗೆ ಮಕಾವಿನಲ್ಲಿ ‘ಚುನಾಂಬೊ’ ಎಂದು ಹೆಸರು. ಬಂದರಿನ ಸುತ್ತ ಕೋಟೆ ಕಟ್ಟುವ ಪೋರ್ಚುಗೀಸರ ರೂಢಿ, ಮಣ್ಣನ್ನು ಗುದ್ದಿ ಗೋಡೆ ಎಬ್ಬಿಸುವ ಚೀನೀಯರ ಕಸಬು, ಎರಡೂ ಈ ಒಂದು ಗೋಡೆಯಲ್ಲಿ ಕೂಡಿವೆ.

ಸೆನಾದೊದಿಂದ ಲಿಲಾವ್‌ವರೆಗೆ

ಊರಿನ ನಟ್ಟನಡುವಿನ ಸೆನಾದೊ ಚೌಕದಲ್ಲಿ ಕಪ್ಪು ಬಿಳಿಯ ಸಣ್ಣ ಕಲ್ಲುಗಳಿಂದ ಅಲೆಗಳ ವಿನ್ಯಾಸದ ನೆಲಹಾಸು ಹಾಸಿದೆ. ಪೋರ್ಚುಗಲ್‌ನ ಬೀದಿಗಳ ಮಾದರಿಯ ಈ ಹಾಸು ಹಳೆಯದೆಂದು ತೋರಿದರೂ, ಇಲ್ಲಿಗೆ ಬಂದದ್ದು 1990ರ ದಶಕದಲ್ಲಿ, ಪೋರ್ಚುಗೀಸ್ ಆಡಳಿತದ ಕೊನೆಯ ವರ್ಷಗಳಲ್ಲಿ. ಚೌಕದ ಒಂದು ಬದಿಗೆ ಪೋರ್ಚುಗೀಸ್ ನಾಗರಿಕರ ಆಡಳಿತ ಸಭೆಯಾಗಿದ್ದ ‘ಲೆಯಾಲ್ ಸೆನಾದೊ’ ಭವನ, ಇನ್ನೊಂದು ಬದಿಗೆ 1569ರಲ್ಲಿ ಸ್ಥಾಪನೆಯಾದ ‘ಸಾಂತಾ ಕಾಸಾ ದ ಮಿಸೆರಿಕಾರ್ದಿಯಾ’ ಎಂಬ ದಾನಸಂಸ್ಥೆಯ ಕಟ್ಟಡ, ಕೂಗಳತೆಯಲ್ಲಿ ಚೀನೀ ವರ್ತಕರು ಸೇರಿ ವ್ಯಾಜ್ಯ ತೀರಿಸಿಕೊಳ್ಳುತ್ತಿದ್ದ ಗುಡಿ ಇವೆ. ಆಳುವವರ ಸಭೆ ಮತ್ತು ವ್ಯಾಪಾರಿಗಳ ಕಟ್ಟೆ ಇಷ್ಟು ಹತ್ತಿರದಲ್ಲಿದ್ದುದು ಊರಿನ ವ್ಯವಹಾರ ಹೇಗೆ ನಡೆಯುತ್ತಿತ್ತೆಂಬುದನ್ನು ಹೇಳುತ್ತದೆ.

ಚೌಕದಿಂದ ದಕ್ಷಿಣಕ್ಕೆ ನಡೆದರೆ ಸಿಗುವ ಲಿಲಾವ್, ಪೋರ್ಚುಗೀಸರು ಮೊದಮೊದಲು ಮನೆ ಕಟ್ಟಿಕೊಂಡ ಕೇರಿಗಳಲ್ಲೊಂದು. ಇಲ್ಲಿನ ಒರತೆ ಊರಿಗೆ ಕುಡಿಯುವ ನೀರು ಕೊಡುತ್ತಿತ್ತು. ಅದರ ನೀರು ಕುಡಿದವರು ಮಕಾವನ್ನು ಮರೆಯಲಾರರು ಎಂಬ ನಂಬಿಕೆ ಊರಿನಲ್ಲಿದೆ. ಆಲದ ಜಾತಿಯ ಮರಗಳ ನೆರಳಿನ ಈ ಚೌಕಕ್ಕೆ ಅಂಟಿಕೊಂಡೇ 1869ಕ್ಕೂ ಮುಂಚಿನ ಒಂದು ದೊಡ್ಡ ಚೀನೀ ಮನೆಯಿದೆ. ಚೀನಾದ ಚಿಂಗ್ ರಾಜ್ಯದ ಆರ್ಥಿಕ ಮತ್ತು ರಾಜಕೀಯ ಸುಧಾರಣೆಗಳ ಬಗ್ಗೆ ಪ್ರಭಾವಶಾಲಿ ಗ್ರಂಥ ಬರೆದ ಚಂಗ್ ಕ್ವಾನ್‌ಯಿಂಗ್ ಎಂಬ ವರ್ತಕ ಚಿಂತಕನ ಕುಟುಂಬದ ಮನೆ ಇದು. ಸುಮಾರು 4,000 ಚದರ ಮೀಟರ್ ಜಾಗದಲ್ಲಿ, ಕರ್ನಾಟಕದ ತೊಟ್ಟಿ ಮನೆಗಳನ್ನು ನೆನಪಿಸುವಂತೆ ಒಂದರ ಹಿಂದೊಂದು ಅಂಗಳಗಳನ್ನು ಸುತ್ತುವರಿದು 60ಕ್ಕೂ ಹೆಚ್ಚು ಕೋಣೆಗಳಿವೆ. ಕಿಟಕಿಗಳ ಮರದ ಚೌಕುಳಿಗಳಲ್ಲಿ ಗಾಜಿನ ಬದಲು ತೆಳುವಾದ ಚಿಪ್ಪಿನ ಹಲ್ಲೆಗಳನ್ನು ಕೂರಿಸಿದ್ದು, ಹೊರಗಿನ ಬಿಸಿಲು ಅವುಗಳ ಮೂಲಕ ಹಾಲಿನ ಬಣ್ಣ ತಾಳಿ ಒಳಗಿಳಿಯುತ್ತದೆ. ಗೋವೆಯ ಹಳೆಯ ಮನೆಗಳ ಕಿಟಕಿಗಳಲ್ಲಿ ಕಾಣುವ ಚಿಪ್ಪಿನ ಕೆಲಸವೂ ಇದೇ ಬಗೆಯದು. ಮಾಲೀಕರು ಬಿಟ್ಟುಹೋದ ಮೇಲೆ ನೂರಾರು ಬಾಡಿಗೆದಾರರು ತುಂಬಿಕೊಂಡು ಹಾಳಾಗಿದ್ದ ಈ ಮನೆಯನ್ನು ದೀರ್ಘಕಾಲದ ಜೀರ್ಣೋದ್ಧಾರದ ನಂತರ 2010ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು.

ಲಿಲಾವ್‌ನಿಂದ ಇನ್ನೂ ಕೆಳಕ್ಕೆ, ‘ಆ ಮಾ’ ಎಂಬ ಕಡಲದೇವತೆಯ ಪುರಾತನ ಗುಡಿಗೆ ಹೋಗುವ ದಾರಿಯಲ್ಲಿ, ಕಮಾನುಗಳ ಸಾಲಿನ ಹಳದಿ ಕಟ್ಟಡವೊಂದಿದೆ. ಮಕಾವಿನ ಪೊಲೀಸ್ ಬಲವನ್ನು ಹೆಚ್ಚಿಸಲು ಗೋವೆಯಿಂದ ಕರೆತಂದ ಸೈನಿಕರ ವಸತಿಗಾಗಿ 1874ರಲ್ಲಿ ಕಟ್ಟಿದ ‘ಮೂರ್‌ಗಳ ಬ್ಯಾರಕ್’ ಇದು. ಭಾರತದಿಂದ ಬಂದವರ ಬದುಕು ಈ ಊರಿನ ಕಟ್ಟಡಗಳಲ್ಲಿ ಮಾತ್ರವಲ್ಲದೆ ಅಡುಗೆಯಲ್ಲಿಯೂ ಬೆರೆತಿದೆ. ಪೋರ್ಚುಗೀಸ್ ಮತ್ತು ಏಷ್ಯಾದ ಬೆರಕೆ ಮನೆತನಗಳಿಂದ ರೂಪುಗೊಂಡ ‘ಮಕಾನೀಸ್’ ಸಮುದಾಯದವರು ಅರಿಸಿನ ಬೆರೆಸಿ ಮಾಂಸ ಬೇಯಿಸುತ್ತಾರೆ, ಗೋವೆಯಲ್ಲಿರುವಂತೆ ಬೆಬಿಂಕಾ ಎಂಬ ಹೆಸರಿನದೇ ಸಿಹಿ ಮಾಡುತ್ತಾರೆ. ಪೋರ್ಚುಗೀಸ್, ಮಲಯ, ಕ್ಯಾಂಟನೀಸ್ ಮತ್ತು ಭಾರತದ ನುಡಿಗಳು ಕಲೆತ ಅವರ ‘ಪಟುವಾ’ ಭಾಷೆಯನ್ನು ಆಡುವವರು ಮಾತ್ರ ಇಂದು ಬೆರಳೆಣಿಕೆಗೆ ಇಳಿದಿದ್ದಾರೆ.

ಚೀನೀ ಪೇಟೆ

ಪರ್ಯಾಯ ದ್ವೀಪದ ಪಶ್ಚಿಮಕ್ಕಿರುವ ಒಳಬಂದರಿನ ಧಕ್ಕೆಗಳ ಹಿಂದೆ ಚೀನೀಯರ ಪೇಟೆ ಬೆಳೆಯಿತು. ಮೇಲೆ ವಾಸದ ಮನೆ, ಕೆಳಗೆ ಅಂಗಡಿ, ಅಂಗಡಿಯ ಮುಂದೆ ಮಳೆ ಬಿಸಿಲು ತಾಗದಂತೆ ನಡೆದಾಡಲು ಕಂಬಸಾಲಿನ ಮೊಗಸಾಲೆ, ಹೀಗೆ ಇಲ್ಲಿನ ಕಟ್ಟಡಗಳ ರಚನೆ. ಬಾಗಿಲ ಪಕ್ಕದಲ್ಲಿ ನೆಲಕ್ಕೆ ತಾಗಿಯೇ ಇರುವ ಕೆಂಪು ಬಣ್ಣದ ಪುಟ್ಟ ಗೂಡುಗಳಲ್ಲಿ ಭೂಮಿದೇವರಿಗೆ ಊದುಬತ್ತಿ ಹಚ್ಚುವ ಪದ್ಧತಿ ಇಂದಿಗೂ ತಪ್ಪಿಲ್ಲ. ಈ ಪೇಟೆಯ ರುವಾ ದಾಸ್ ಎಸ್ತಲಾಜೆನ್ಸ್ ಎಂಬ ಬೀದಿಯಲ್ಲಿ, ಮುಂದೆ ಚೀನೀ ಗಣರಾಜ್ಯದ ಪಿತಾಮಹನೆನಿಸಿದ ಸನ್ ಯತ್ ಸೆನ್ ವೈದ್ಯನಾಗಿದ್ದ ಕಾಲದಲ್ಲಿ, 1893ರಲ್ಲಿ ಔಷಧಾಲಯವೊಂದನ್ನು ತೆರೆದಿದ್ದನು. ಆ ಕಟ್ಟಡವನ್ನು ಸರ್ಕಾರ ಜೀರ್ಣೋದ್ಧಾರ ಮಾಡಿ ಉಳಿಸಿಕೊಂಡಿದೆ.

ಹತ್ತಿರದ ರುವಾ ದ ಫೆಲಿಸಿದಾದೆ, ಅಂದರೆ ಸಂತೋಷದ ಬೀದಿ, ಹತ್ತೊಂಬತ್ತನೆಯ ಶತಮಾನದಿಂದ ವೇಶ್ಯಾವಾಟಿಕೆಗಳಿಗೂ ಅಫೀಮಿನ ಮನೆಗಳಿಗೂ ಜೂಜಿನ ಕಟ್ಟೆಗಳಿಗೂ ಹೆಸರಾಗಿತ್ತು. ಎರಡಂತಸ್ತಿನ ಬಿಳಿ ಗೋಡೆಯ ಮನೆಗಳಿಗೆ ಕಡುಗೆಂಪು ಬಣ್ಣದ ಮರದ ಬಾಗಿಲು, ಕಿಟಕಿಗಳಿರುವ ಈ ಬೀದಿಯನ್ನು ಇಂದು ನೋಡಲು ಬರುವವರು ಬಾದಾಮಿ ಬಿಸ್ಕತ್ತು, ಮೊಟ್ಟೆಯ ಸುರುಳಿ ತಿನಿಸುಗಳನ್ನು ಕೊಂಡು ಸಂತೋಷದಿಂದ ಮರಳುತ್ತಾರೆ. ಆದರೆ ಈ ಹೆಸರಿನ ಹಿಂದೆ ಬಡತನದಿಂದ ಮಾರಾಟವಾಗಿ ಇಲ್ಲಿಗೆ ಬಂದು ಸೇರಿದ ಹೆಣ್ಣುಮಕ್ಕಳ ಬದುಕಿತ್ತು, ಭಾರತದ ಮಾಳವದಲ್ಲಿ ಬೆಳೆದು ದಮನ್ ಬಂದರಿನ ಮೂಲಕ ಮಕಾವಿಗೆ ಸಾಗಿದ ಅಫೀಮಿನ ವ್ಯಾಪಾರವೂ ಇತ್ತು. ಬಣ್ಣ ಬಳಿದು ಚೆಂದಗೊಳಿಸಿದ ಬೀದಿಯಲ್ಲಿ ಈ ಸಂಗತಿಗಳನ್ನು ಮರೆಯುವುದು ಚರಿತ್ರೆಗೆ ಮಾಡುವ ಅನ್ಯಾಯವಾಗುತ್ತದೆ.

ಜೂಜಿನ ಜೊತೆಗೇ ಬೆಳೆದದ್ದು ಗಿರವಿ ಅಂಗಡಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳೆಯ ಪೇಟೆಯನ್ನು ಸೀಳಿ ತೆಗೆದ ಅಗಲವಾದ ರಸ್ತೆಯಲ್ಲಿ, 1917ರಲ್ಲಿ ಆರಂಭವಾದ ‘ತಾಕ್ ಸೆಂಗ್ ಆನ್’ ಎಂಬ ಗಿರವಿ ಅಂಗಡಿಯನ್ನು ಇಂದು ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದೆ. ಒಳಹೊಕ್ಕವರ ಮುಖ ಬೀದಿಯಲ್ಲಿ ಹೋಗುವವರಿಗೆ ಕಾಣದಂತೆ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ ಮರದ ತಡಿಕೆ, ತಲೆಯೆತ್ತಿ ಒಡವೆ ನೀಡಬೇಕಾದಷ್ಟು ಎತ್ತರದ ಕಟ್ಟೆ, ಹಿಂಬದಿಗೆ ಕಳ್ಳರಿಗೂ ಬೆಂಕಿಗೂ ಜಗ್ಗದಂತೆ ಕಟ್ಟಿದ, ಸೀಳುಗಂಡಿಗಳಷ್ಟೇ ಕಿರಿದಾದ ಕಿಟಕಿಗಳ ಗೋಪುರ ಉಗ್ರಾಣ, ಇವೆಲ್ಲ ಆ ವ್ಯವಹಾರದ ಮರ್ಮವನ್ನು ಬಿಡಿಸಿ ತೋರಿಸುತ್ತವೆ.

ನಗರ ನುಂಗಿದ ಹಳ್ಳಿಗಳು

ಊರುಗೋಟೆಯ ಹೊರಗೆ, ಉತ್ತರದಲ್ಲಿ, ಮೊಂಗ್ ಹಾ, ಲೊಂಗ್ ತಿನ್, ಪತಾನೆ ಮೊದಲಾದ ಚೀನೀ ರೈತರ, ಬೆಸ್ತರ ಹಳ್ಳಿಗಳಿದ್ದವು. ಇವುಗಳ ಮೇಲೆ ಪೋರ್ಚುಗೀಸರಿಗೆ ಅಧಿಕಾರವಿರಲಿಲ್ಲ. ಮೊಂಗ್ ಹಾ ಹಳ್ಳಿಯ ಕುನ್ ಯಾಮ್ ದೇಗುಲದಲ್ಲಿಯೇ 1844ರ ಜುಲೈ 3ರಂದು ಅಮೆರಿಕ ಮತ್ತು ಚೀನಾ ತಮ್ಮ ಮೊದಲ ಒಪ್ಪಂದಕ್ಕೆ ಸಹಿ ಹಾಕಿದವು. 1846ರಲ್ಲಿ ಗವರ್ನರ್ ಆಗಿ ಬಂದ ಫೆರೇರಾ ದೊ ಅಮರಾಲ್, ನೆಲಬಾಡಿಗೆ ಕೊಡುವುದನ್ನು ನಿಲ್ಲಿಸಿ, ಹಳ್ಳಿಗರ ಮೇಲೂ ತೆರಿಗೆ ಹೇರಿ, ಅವರ ಹಿರಿಯರ ಗೋರಿಗಳಿದ್ದ ನೆಲದ ಮೇಲೆ ರಸ್ತೆ ಹಾಯಿಸಿದನು. ಹಿರಿಯರ ಗೋರಿಗಳನ್ನು ಪೂಜಿಸುವ ಜನರಿಗೆ ಅದು ಸಹಿಸಲಾಗದ ಅವಮಾನವಾಗಿತ್ತು. 1849ರ ಆಗಸ್ಟ್ 22ರಂದು ಲೊಂಗ್ ತಿನ್ ಹಳ್ಳಿಯ ಶೆನ್ ಚಿಲಿಯಾಂಗ್ ಮತ್ತು ಅವನ ಸಂಗಡಿಗರು ಗವರ್ನರನನ್ನು ಕೊಂದರು. ಆ ಬಳಿಕ ಪೋರ್ಚುಗೀಸರು ಬಲ ಪ್ರಯೋಗಿಸಿ ಇಡೀ ಪರ್ಯಾಯ ದ್ವೀಪವನ್ನು ಹಿಡಿತಕ್ಕೆ ತಂದುಕೊಂಡರು, ಹಳ್ಳಿಗಳು ಕ್ರಮೇಣ ನಗರದಲ್ಲಿ ಕರಗಿದವು. ಅವುಗಳ ಗುಡಿಗಳೂ ಹೆಸರುಗಳೂ ಮಾತ್ರ ಉಳಿದಿವೆ.

ಕೋಟೆಯ ಹೊರಗೇ ಇದ್ದ ಸಾವ್ ಲಾಜರೊ ಕೇರಿಯ ಕಥೆ ಬೇರೆ. ಕುಷ್ಠರೋಗಿಗಳ ಆಸ್ಪತ್ರೆಯ ಸುತ್ತ, ಕ್ರೈಸ್ತ ಮತಕ್ಕೆ ಸೇರಿದ ಚೀನೀಯರು ನೆಲೆಸಿದ್ದ ಜಾಗವಿದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದ ನಂತರ ಹೊಸದಾಗಿ ಅಳತೆ ಹಾಕಿ ಕಟ್ಟಿದ ಇಲ್ಲಿನ ಕಲ್ಲುಹಾಸಿನ ಏರುಬೀದಿಗಳಲ್ಲಿ, ವಯಸ್ಸಾದ ಬಡ ಹೆಂಗಸರಿಗೆ ಆಸರೆಯಾಗಿದ್ದ ಮನೆಯೊಂದು, ತನ್ನ ಅಂಗಳದ ಎರಡು ಹಳೆಯ ಕರ್ಪೂರದ ಮರಗಳೊಡನೆ ಈಗ ಕಲಾಕೇಂದ್ರವಾಗಿದೆ.

ತೈಪಾ ಮತ್ತು ಕೊಲೊವಾನ್

ದ್ವೀಪಗಳಿಗೆ ಪೋರ್ಚುಗೀಸರು ಕಾಲಿಟ್ಟದ್ದು ತಡವಾಗಿ: ತೈಪಾಕ್ಕೆ 1847ರಲ್ಲಿ, ಕೊಲೊವಾನ್‌ಗೆ 1864ರಲ್ಲಿ. ತೈಪಾವನ್ನು ಪರ್ಯಾಯ ದ್ವೀಪಕ್ಕೆ ಜೋಡಿಸುವ ಸೇತುವೆ 1974ರಲ್ಲಷ್ಟೇ ತೆರೆಯಿತು. ಅಲ್ಲಿಯವರೆಗೆ ದೋಣಿಯೇ ಗತಿಯಾಗಿದ್ದುದರಿಂದ ದ್ವೀಪಗಳ ಹಳ್ಳಿಗಳು ಹಳ್ಳಿಗಳಾಗಿಯೇ ಉಳಿದವು. ತೈಪಾ ಹಳ್ಳಿಯಲ್ಲಿ 1844ರ ಪಾಕ್ ತಾಯ್ ಗುಡಿ, 1885ರ ಕಾರ್ಮೆಲ್ ಮಾತೆಯ ಇಗರ್ಜಿ ಮತ್ತು ತಿನಿಸಿನ ಅಂಗಡಿಗಳಿಂದ ಗಿಜಿಗುಡುವ ರುವಾ ದೊ ಕುನ್ಯಾ ಎಂಬ ಕಿರುಬೀದಿ ಕೆಲವೇ ನಿಮಿಷದ ನಡಿಗೆಯೊಳಗಿವೆ. ಹಿಂದೆ ಈ ಹಳ್ಳಿಯ ಜೀವನಾಧಾರ ಪಟಾಕಿ ತಯಾರಿಕೆಯಾಗಿತ್ತು. ಹೆಂಗಸರೂ ಮಕ್ಕಳೂ ಕಾಗದದ ಕೊಳವೆಗಳನ್ನು ಸುತ್ತಿ, ಸರ ಹೆಣೆದು ಸಂಸಾರ ನಡೆಸುತ್ತಿದ್ದರು. 1984ರಲ್ಲಿ ಮುಚ್ಚಿದ ಯೆಕ್ ಲೊಂಗ್ ಕಾರ್ಖಾನೆಯ ಆವರಣದಲ್ಲಿ, ಒಂದು ಕೋಣೆಯ ಸ್ಫೋಟ ಇನ್ನೊಂದಕ್ಕೆ ಹರಡದಂತೆ ಎಬ್ಬಿಸಿದ ದಪ್ಪ ಗೋಡೆಗಳೂ, ಬೆಂಕಿ ಆರಿಸಲೆಂದು ತೋಡಿದ ನೀರಿನ ಕೊಳಗಳೂ ಇನ್ನೂ ಇವೆ.

ಇಷ್ಟು ಸಣ್ಣ ಹಳ್ಳಿಯೇ ಮಕಾವಿನ ರಾಜಕೀಯವನ್ನು ಬದಲಿಸಿತು. 1966ರ ನವೆಂಬರಿನಲ್ಲಿ ತೈಪಾದ ನಿವಾಸಿಗಳು ಶಾಲೆಯೊಂದನ್ನು ಕಟ್ಟಲು ಹೊರಟಾಗ ಅಧಿಕಾರಿಗಳು ತಡೆದದ್ದರಿಂದ ಹುಟ್ಟಿದ ಜಗಳ, ಡಿಸೆಂಬರ್ 3ರಂದು ನಗರದಲ್ಲಿ ಗಲಭೆಯಾಗಿ, ಗೋಲಿಬಾರಿನಲ್ಲಿ ಚೀನೀಯರು ಸತ್ತು, ಕೊನೆಗೆ 1967ರ ಜನವರಿಯಲ್ಲಿ ಗವರ್ನರ್ ಕ್ಷಮೆ ಕೇಳಿ ಸಹಿ ಹಾಕುವವರೆಗೆ ಬೆಳೆಯಿತು. ಅಲ್ಲಿಂದಾಚೆಗೆ ಮಕಾವಿನಲ್ಲಿ ಪೋರ್ಚುಗೀಸರದು ಹೆಸರಿನ ಆಡಳಿತ ಮಾತ್ರವಾಯಿತು.

ಕೊಲೊವಾನ್ ಇನ್ನೂ ನಿಧಾನಗತಿಯ ಊರು. ಕಿರಿದಾದ ಕಾಲುವೆಯಾಚೆ ಚೀನಾದ ಹೆಂಗ್‌ಚಿನ್ ದ್ವೀಪವನ್ನು ನೋಡುತ್ತ ನಿಂತಿರುವ ಹಳ್ಳಿಯ ಚೌಕದಲ್ಲಿ, 1928ರಲ್ಲಿ ಕಟ್ಟಿದ ಸಂತ ಫ್ರಾನ್ಸಿಸ್ ಝೇವಿಯರರ ಪುಟ್ಟ ಇಗರ್ಜಿ ಇದೆ. ಚೀನಾದ ಕರಾವಳಿಯ ದ್ವೀಪವೊಂದರಲ್ಲಿ 1552ರಲ್ಲಿ ತೀರಿಕೊಂಡ, ಗೋವೆಯಲ್ಲಿ ಪಾರ್ಥಿವ ಶರೀರವಿರುವ ಈ ಸಂತರ ತೋಳಿನ ಎಲುಬೊಂದನ್ನು ಒಂದು ಕಾಲದಲ್ಲಿ ಇಲ್ಲಿ ಇಟ್ಟಿದ್ದರು. ಇಗರ್ಜಿಯ ಎದುರಿಗಿರುವ ಸ್ಮಾರಕ, 1910ರಲ್ಲಿ ಮಕ್ಕಳನ್ನು ಒತ್ತೆಯಿಟ್ಟುಕೊಂಡಿದ್ದ ಕಡಲ್ಗಳ್ಳರ ವಿರುದ್ಧ ನಡೆದ ಕಾಳಗದ ನೆನಪಿನದು. ಹಳ್ಳಿಯ ಮಗ್ಗುಲಿನ ಲಾಯ್ ಚಿ ವುನ್‌ನಲ್ಲಿ ಮರದ ಮೀನುಗಾರಿಕಾ ಹಡಗುಗಳನ್ನು ಕಟ್ಟುತ್ತಿದ್ದ ಬಡಗಿಗಳ ಕಾರ್ಯಾಗಾರಗಳಿದ್ದವು. ಮೀನುಗಾರಿಕೆ ಕುಸಿದು ಕಸಬು ನಿಂತು, ಚಾವಣಿಗಳು ಕುಸಿಯತೊಡಗಿದ ಮೇಲೆ 2018ರಲ್ಲಿ ಅವುಗಳನ್ನು ಸಂರಕ್ಷಿತ ತಾಣವೆಂದು ಘೋಷಿಸಲಾಯಿತು.

ಉಳಿಸುವ ಹೊಣೆ

ಮಕಾವಿನಲ್ಲಿ ಪರಂಪರೆಯ ರಕ್ಷಣೆಗೆ 1976ರಷ್ಟು ಹಿಂದೆಯೇ ಕಾನೂನು ಬಂದಿತ್ತು. 2005ರ ಜುಲೈ 15ರಂದು 20ಕ್ಕೂ ಹೆಚ್ಚು ಕಟ್ಟಡಗಳೂ 8 ಚೌಕಗಳೂ ಸೇರಿದ ‘ಮಕಾವಿನ ಐತಿಹಾಸಿಕ ಕೇಂದ್ರ’ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1865ರ ಗಿಯಾ ದೀಪಸ್ತಂಭದ ನೋಟಕ್ಕೆ ಬಹುಮಹಡಿ ಕಟ್ಟಡಗಳು ಅಡ್ಡ ಬರುವುದನ್ನು ನಾಗರಿಕರು ಪ್ರತಿಭಟಿಸಿದಾಗ, 2008ರಲ್ಲಿ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಲಾಯಿತು. 2013ರಲ್ಲಿ ಹೊಸ ಪರಂಪರೆ ಕಾನೂನೂ ಬಂತು. ಇವೆಲ್ಲ ಮೆಚ್ಚಬೇಕಾದ ಕೆಲಸಗಳೇ. ಆದರೆ ಆಪತ್ತುಗಳೂ ಸಣ್ಣವಲ್ಲ. 2019ರಲ್ಲಿ ಈ ಪುಟ್ಟ ಊರಿಗೆ 3.9 ಕೋಟಿಗೂ ಹೆಚ್ಚು ಸಂದರ್ಶಕರು ಬಂದರು. ಅಷ್ಟು ಜನ ಹಾಯುವ ಬೀದಿಗಳಲ್ಲಿ ದಿನಸಿ, ಕಬ್ಬಿಣದ ಸಾಮಾನು, ನಾಟಿ ಔಷಧಿಯ ಅಂಗಡಿಗಳು ಬಾಡಿಗೆ ಭರಿಸಲಾಗದೆ ಪ್ರವಾಸಿ ತಿನಿಸಿನ ಮಳಿಗೆಗಳಿಗೆ ಜಾಗ ಬಿಡುತ್ತವೆ. 2017ರ ಆಗಸ್ಟ್ 23ರ ಹಾಟೊ ಚಂಡಮಾರುತದಲ್ಲಿ ಒಳಬಂದರಿನ ಹಳೆಯ ಪೇಟೆ ನೀರಿನಲ್ಲಿ ಮುಳುಗಿ, ಮಕಾವಿನಲ್ಲಿ 10 ಜನ ಪ್ರಾಣ ಕಳೆದುಕೊಂಡರು. ತಗ್ಗಿನ ಆ ಬೀದಿಗಳಿಗೆ ಕಡಲಿನ ಭಯ ಇನ್ನೂ ತಪ್ಪಿಲ್ಲ.

ಇಗರ್ಜಿಯೊಂದನ್ನೋ ಗುಡಿಯೊಂದನ್ನೋ ಹಣ ಸುರಿದು ಉಳಿಸಬಹುದು. ಬೀದಿಯನ್ನು ಹಾಗೆ ಉಳಿಸಲಾಗದು, ಏಕೆಂದರೆ ಬೀದಿ ನಿಲ್ಲುವುದು ಅಲ್ಲಿ ವಾಸಿಸುವವರಿಂದ, ಅಲ್ಲಿ ಕಸಬು ಮಾಡುವವರಿಂದ. ಪಾಟಿಯೊಗಳಲ್ಲಿ ಸಂಸಾರಗಳು ಇರುವಷ್ಟು ಕಾಲ, ಬಾಗಿಲ ಬದಿಯ ಗೂಡಿಗೆ ಊದುಬತ್ತಿ ಹಚ್ಚುವವರು ಇರುವಷ್ಟು ಕಾಲ ಮಾತ್ರ ಹಳೆಯ ಮಕಾವ್ ಜೀವಂತ ಊರಾಗಿರುತ್ತದೆ. ಅವರು ಹೊರಟುಹೋದ ದಿನ ಅದು ಬಣ್ಣ ಬಳಿದ ಮುಂಗೋಡೆಗಳ ಸಾಲಾಗುತ್ತದೆ. ಆದ್ದರಿಂದ ಸ್ಮಾರಕಗಳ ಪಟ್ಟಿಯನ್ನು ಬೆಳೆಸುವಷ್ಟೇ ಶ್ರದ್ಧೆಯಿಂದ ಸ್ಥಳೀಯ ನಿವಾಸಿಗಳ ಬಾಡಿಗೆ, ನೀರು, ನೆರೆಯ ರಕ್ಷಣೆಗಳ ಕಡೆಗೂ ಆಡಳಿತ ಗಮನ ಕೊಡಬೇಕು. ಅಲ್ಲಿಗೆ ಹೋಗುವ ಕನ್ನಡ ಓದುಗರು ಸಂತ ಪಾಲರ ಮುಂಗೋಡೆಯ ಮುಂದೆ ಚಿತ್ರ ತೆಗೆಸಿಕೊಂಡ ಮೇಲೆ, ಪಕ್ಕದ ಚುನಾಂಬೊ ಗೋಡೆಯನ್ನೂ, ಲಿಲಾವ್‌ನ ಚೌಕವನ್ನೂ, ಕೊಲೊವಾನ್‌ನ ಹಡಗುಕಟ್ಟೆಗಳನ್ನೂ ನೋಡಬೇಕು, ಮತ್ತು ಆ ಓಣಿಗಳು ಇನ್ನೊಬ್ಬರ ಮನೆಯಂಗಳಗಳೆಂಬುದನ್ನು ನೆನಪಿನಲ್ಲಿಟ್ಟುಕೊಂಡು ನಡೆಯಬೇಕು.